ಗಾಜಿನ ಮನೆ ಪಕ್ಕದಿಂದ ಒಂದು ಕಾಗದ

ಎಲ್ಲ ರಾಜಕೀಯ ಪಕ್ಷಗಳ ಅಧ್ಯಕ್ಷರಿಗೆ, ಹಾಗೇ ನಾನು ವೋಟು ಹಾಕಿ ವಿಧಾನಸೌಧಕ್ಕೆ ಕಳಿಸಿದ ನಮ್ಮ ಶಾಸಕರಿಗೆ,

ನಮಸ್ಕಾರ.

ನಾನು ನಿವೃತ್ತ ಬ್ಯಾಂಕ್ ಗುಮಾಸ್ತ. ದಿನಾ ಬೆಳಿಗ್ಗೆ ಲಾಲ್‌ಬಾಗ್‌ನಲ್ಲಿ ಎರಡು ಸುತ್ತು ಹೊಡೆದು, ಗಾಜಿನ ಮನೆ ಹತ್ತಿರದ ಬೆಂಚಿನ ಮೇಲೆ ಕೂರುವವನು. ನಾವು ನಾಲ್ಕೈದು ಜನ ಅಲ್ಲಿ ಸೇರುತ್ತೇವೆ. ಮೊದಲು ಮಂಡಿನೋವು, ಆಮೇಲೆ ಶುಗರ್, ಆಮೇಲೆ ಮೊಮ್ಮಕ್ಕಳು, ಕೊನೆಗೆ ರಾಜಕೀಯ. ಮೊನ್ನೆ ರಾಷ್ಟ್ರಪತಿ ಚುನಾವಣೆ ಮಾತು ಬಂತು. ಈಗಿನ ರಾಷ್ಟ್ರಪತಿಗಳ ಅವಧಿ ಮುಗಿಯುವುದು 2027ರ ಜುಲೈನಲ್ಲಿ. ಆಗಲೇ ನಮ್ಮ ಬೆಂಚಿನ ಮೇಲೆ ಹೆಸರುಗಳು ಓಡಾಡಲು ಶುರುವಾಗಿವೆ.

"ಅವರನ್ನ ಅಲ್ಲಿಗೆ ಕಳಿಸಿದ್ರೆ ಇಲ್ಲಿ ಕುರ್ಚಿ ಖಾಲಿ ಆಗುತ್ತೆ" ಅಂದರು ಒಬ್ಬರು. "ಇವರನ್ನ ನಿಲ್ಲಿಸಿದ್ರೆ ಆ ಬಣದ ಬಾಯಿ ಬಂದ್" ಅಂದರು ಇನ್ನೊಬ್ಬರು. ಅರ್ಧ ಗಂಟೆ ಮಾತಾಡಿದೆವು. ಇಂಥವರು ಆ ಕೆಲಸಕ್ಕೆ ಸರಿಯಾದವರು ಅಂತ ಒಬ್ಬರ ಬಾಯಲ್ಲೂ ಬರಲಿಲ್ಲ. ನನ್ನ ಬಾಯಲ್ಲೂ ಬರಲಿಲ್ಲ. ಮನೆಗೆ ಬಂದು ಕಾಫಿ ಕುಡಿಯುವಾಗ ಸ್ವಲ್ಪ ನಾಚಿಕೆಯಾಯಿತು. ಬೆಂಚಿನ ಮೇಲೆ ಕೂರುವ ನಮಗೆ ಈ ಲೆಕ್ಕ ಕಲಿಸಿದವರು ನೀವೇ ಅಲ್ವಾ? ಅದಕ್ಕೇ ಈ ಕಾಗದ.

ಗಾಜಿನ ಮನೆಯ ಪಕ್ಕ ಕೂತು ಈ ಮಾತಾಡಿದ್ದೂ ಒಂಥರಾ ಸರಿಯಾಗಿಯೇ ಇದೆ. ರಾಷ್ಟ್ರಪತಿ ಅಭ್ಯರ್ಥಿ ಯಾರು ಅನ್ನುವ ಜಗಳದ ತವರುಮನೆ ಅದೇ. 1969ರ ಜುಲೈನಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನ ನಡೆದದ್ದು ಅಲ್ಲಿ. ನನಗಾಗ ಹತ್ತು ವರ್ಷ. ಪೊಲೀಸರು ಒಳಗೆ ಬಿಡುತ್ತಿಲ್ಲ, ವಾಕಿಂಗ್ ಹಾಳಾಯಿತು ಅಂತ ಅಪ್ಪ ಮೂರು ದಿನ ಗೊಣಗಿದ್ದು ನೆನಪಿದೆ. ಗೇಟಿನ ಹೊರಗೆ ಸಾಲಾಗಿ ನಿಂತಿದ್ದ ಅಂಬಾಸಿಡರ್ ಕಾರುಗಳನ್ನು ನಾನು ಎಣಿಸುತ್ತಿದ್ದೆ. ಒಳಗೆ ಏನು ನಡೆಯುತ್ತಿದೆ ಅಂತ ನಮಗೇನು ಗೊತ್ತು? ಈಗ ಆ ಜಾಗದಲ್ಲಿ ವರ್ಷಕ್ಕೆರಡು ಸಲ ಫ್ಲವರ್ ಶೋ ನಡೆಯುತ್ತದೆ. ಜನ ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ. ಈ ದೇಶದ ಅತಿ ದೊಡ್ಡ ಪಕ್ಷ ಬಿರುಕು ಬಿಟ್ಟದ್ದು ಇಲ್ಲೇ ಅಂತ ಹೇಳುವ ಒಂದು ಬೋರ್ಡ್ ನನ್ನ ಕಣ್ಣಿಗಂತೂ ಬಿದ್ದಿಲ್ಲ.

ಆ ವರ್ಷ ಮೇ 3ರಂದು ರಾಷ್ಟ್ರಪತಿ ಝಾಕಿರ್ ಹುಸೇನ್ ತೀರಿಕೊಂಡಿದ್ದರು. ಅಧಿಕಾರದಲ್ಲಿದ್ದಾಗಲೇ ತೀರಿಕೊಂಡ ಮೊದಲ ರಾಷ್ಟ್ರಪತಿ ಅವರು. ಉಪರಾಷ್ಟ್ರಪತಿ ವಿ.ವಿ. ಗಿರಿ ಹಂಗಾಮಿಯಾಗಿ ಕೂತರು. ಮುಂದೆ ಯಾರು? ಕಾಂಗ್ರೆಸ್ಸಿನ ಹಿರಿಯರ ಗುಂಪಿಗೆ, ಪತ್ರಿಕೆಗಳು ಸಿಂಡಿಕೇಟ್ ಅಂತ ಕರೆಯುತ್ತಿದ್ದ ಆ ಗುಂಪಿಗೆ, ಲೋಕಸಭೆಯ ಸ್ಪೀಕರ್ ನೀಲಂ ಸಂಜೀವ ರೆಡ್ಡಿ ಬೇಕಿತ್ತು. ಪ್ರಧಾನಿ ಇಂದಿರಾ ಗಾಂಧಿಗೆ ರೆಡ್ಡಿ ಬೇಡವಾಗಿತ್ತು. ತಮಗೆ ಮೂಗುದಾರ ಹಾಕುವುದಕ್ಕೇ ಈ ಹೆಸರು ಅನ್ನುವುದು ಅವರ ಅನುಮಾನ. ಅವರು ಜಗಜೀವನ್ ರಾಂ ಹೆಸರು ಮುಂದಿಟ್ಟರು. ಬೆಂಗಳೂರಿನಲ್ಲೇ ಪಕ್ಷದ ಪಾರ್ಲಿಮೆಂಟರಿ ಬೋರ್ಡ್ ಬಾಗಿಲು ಹಾಕಿಕೊಂಡು ಸಭೆ ಸೇರಿತು. ಬೆರಳೆಣಿಕೆಯ ಜನ. ತಮ್ಮ ಕಡೆ ಬರುತ್ತಾರೆ ಅಂತ ಪ್ರಧಾನಿ ನಂಬಿದ್ದ ಯಶವಂತರಾವ್ ಚವಾಣ್ ಆ ಕಡೆ ಹೋದರು. ರೆಡ್ಡಿ ಹೆಸರು ಪಾಸಾಯಿತು.

ಗಾಜಿನ ಮನೆಯಲ್ಲಿ ಭಾಷಣ, ಬಾಗಿಲು ಹಾಕಿದ ಕೋಣೆಯಲ್ಲಿ ತೀರ್ಮಾನ. ಅವತ್ತಿನಿಂದ ಇವತ್ತಿನವರೆಗೂ ನಿಮ್ಮ ಪದ್ಧತಿ ಬದಲಾಗಿಲ್ಲ.

ಈ ಕಥೆಯಲ್ಲಿ ನನಗೆ ತುಂಬ ಕಾಡುವುದು ಒಂದು ಸಣ್ಣ ಸಂಗತಿ. ಆಗ ಪಕ್ಷದ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪನವರು. ಅಧ್ಯಕ್ಷರಾಗುವ ಮುಂಚೆ ಮೈಸೂರು ರಾಜ್ಯದ ಮುಖ್ಯಮಂತ್ರಿ. ಅವರು ಮುಖ್ಯಮಂತ್ರಿಯಾಗಿದ್ದಾಗ, 1965ರಿಂದ 67ರವರೆಗೆ, ನಮ್ಮ ರಾಜಭವನದಲ್ಲಿ ರಾಜ್ಯಪಾಲರಾಗಿ ಇದ್ದವರು ಇದೇ ವಿ.ವಿ. ಗಿರಿ. ಎರಡು ವರ್ಷ ಒಂದೇ ಊರಿನಲ್ಲಿ ಒಬ್ಬರ ಫೈಲಿಗೆ ಇನ್ನೊಬ್ಬರು ಸಹಿ ಹಾಕಿಕೊಂಡು ಇದ್ದವರು. ಉಪರಾಷ್ಟ್ರಪತಿಯಾದವರು ರಾಷ್ಟ್ರಪತಿಯಾಗುವುದು ಅಲ್ಲಿಯವರೆಗೆ ರೂಢಿಯಾಗಿತ್ತು. ರಾಧಾಕೃಷ್ಣನ್ ಹಾಗೇ ಆದರು, ಝಾಕಿರ್ ಹುಸೇನ್ ಹಾಗೇ ಆದರು. ಗಿರಿಯವರನ್ನು ಮಾತ್ರ ಪಕ್ಷ ದಾಟಿಕೊಂಡು ಮುಂದೆ ಹೋಯಿತು. ಎಪ್ಪತ್ತೈದರ ಅಂಚಿನಲ್ಲಿದ್ದ ಮನುಷ್ಯ. ಆ ವಯಸ್ಸಿನಲ್ಲಿ ಅವಮಾನ ಜಾಸ್ತಿಯೇ ಚುಚ್ಚುತ್ತದೆ, ನನಗೆ ಗೊತ್ತು. ಪಕ್ಷೇತರನಾಗಿ ನಿಲ್ಲುತ್ತೇನೆ ಅಂದುಬಿಟ್ಟರು.

ಆಮೇಲಿನ ಒಂದು ವಾರ ಇದೆಯಲ್ಲ, ಅದು ನಮ್ಮಂಥವರ ಹಣೆಬರಹ ಬದಲಿಸಿದ ವಾರ. ಜುಲೈ 16ಕ್ಕೆ ಮೊರಾರ್ಜಿ ದೇಸಾಯಿ ಅವರ ಕೈಯಿಂದ ಹಣಕಾಸು ಖಾತೆ ಹೋಯಿತು. 19ರ ರಾತ್ರಿ ರೇಡಿಯೋದಲ್ಲಿ ಪ್ರಧಾನಿ ಮಾತು: 14 ದೊಡ್ಡ ಬ್ಯಾಂಕುಗಳು ಇನ್ನು ಸರ್ಕಾರದ್ದು. ಆ ಸುಗ್ರೀವಾಜ್ಞೆಗೆ ಸಹಿ ಹಾಕಿದವರು ಹಂಗಾಮಿ ರಾಷ್ಟ್ರಪತಿ ಗಿರಿ. ಮಾರನೇ ದಿನವೇ ಅವರು ರಾಜೀನಾಮೆ ಕೊಟ್ಟು ಅಭ್ಯರ್ಥಿಯಾದರು. ಆ 14 ಬ್ಯಾಂಕುಗಳಲ್ಲಿ ನಮ್ಮ ಕರಾವಳಿಯ ಎರಡು ಇದ್ದವು, ಮಂಗಳೂರಿನಲ್ಲಿ ಹುಟ್ಟಿದ ಕೆನರಾ, ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್. ಸಿಂಡಿಕೇಟ್ ಲೀಡರುಗಳ ಮೇಲಿನ ಸಿಟ್ಟನ್ನು ಇಂದಿರಮ್ಮ ಸಿಂಡಿಕೇಟ್ ಬ್ಯಾಂಕಿನ ಮೇಲೆ ತೀರಿಸಿಕೊಂಡರು ಅಂತ ನಮ್ಮ ಯೂನಿಯನ್ ಆಫೀಸಿನಲ್ಲಿ ಹಳಬರು ಜೋಕ್ ಮಾಡುತ್ತಿದ್ದರು.

ಇಲ್ಲಿ ನಾನೊಂದು ತಪ್ಪೊಪ್ಪಿಗೆ ಮಾಡಲೇಬೇಕು. ಆ ಜಗಳ ನನಗೆ ಅನ್ನ ಕೊಟ್ಟಿದೆ. ಬ್ಯಾಂಕುಗಳು ಸರ್ಕಾರದ್ದಾದ ಮೇಲೆ ಹಳ್ಳಿ ಹಳ್ಳಿಗೆ ಬ್ರಾಂಚು ಬಂತು, ಬ್ರಾಂಚಿಗೆ ಗುಮಾಸ್ತರು ಬೇಕಾದರು, 1981ರಲ್ಲಿ ನನ್ನಂಥ ಬಡ ಮೇಷ್ಟ್ರ ಮಗನಿಗೂ ಒಂದು ಕೌಂಟರ್ ಸಿಕ್ಕಿತು. ಹಾಗಾಗಿ ಪಕ್ಷದೊಳಗಿನ ಜಗಳ ಅಂದರೆ ಕೆಟ್ಟದ್ದು ಅಂತ ಬೋಧನೆ ಮಾಡುವ ಯೋಗ್ಯತೆ ನನಗಿಲ್ಲ. ಜಗಳ ಆಡಿ. ಆದರೆ ಯಾವುದರ ಬಗ್ಗೆ ಆಡುತ್ತಿದ್ದೀರಿ ಅಂತ ನಮಗೆ ಹೇಳಿ ಆಡಿ.

1969ರಲ್ಲಿ ಯಾರೂ ಹೇಳಲಿಲ್ಲ. ಪ್ರಧಾನಿಯವರು ಸಂಜೀವ ರೆಡ್ಡಿ ಅವರ ನಾಮಪತ್ರಕ್ಕೆ ಸ್ವತಃ ಸಹಿ ಹಾಕಿದ್ದರು. ಸಹಿ ಹಾಕಿದ ಮೇಲೆ ಅವರಿಗೇ ವೋಟು ಹಾಕಿ ಅಂತ ಹೇಳಲು ಒಪ್ಪಲಿಲ್ಲ. ಆತ್ಮಸಾಕ್ಷಿಗೆ ತಕ್ಕಂತೆ ಮತ ಹಾಕಿ ಅಂದರು. ಬ್ಯಾಂಕಿನಲ್ಲಿ ಇದಕ್ಕೆ ನಾವು ಬೇರೆ ಮಾತು ಹೇಳುತ್ತೇವೆ: ಚೆಕ್ಕಿಗೆ ಸಹಿ ಹಾಕಿ ಕೊಟ್ಟು, ಹಿಂದಿನಿಂದ ಬಂದು ಪೇಮೆಂಟ್ ನಿಲ್ಲಿಸಿ ಅಂದ ಹಾಗೆ. ಆ ಕಡೆ ನಿಜಲಿಂಗಪ್ಪನವರೂ ಕಮ್ಮಿ ಮಾಡಲಿಲ್ಲ. ಜನಸಂಘ ಮತ್ತು ಸ್ವತಂತ್ರ ಪಕ್ಷದವರು ಸಿ.ಡಿ. ದೇಶಮುಖ್ ಅವರನ್ನು ನಿಲ್ಲಿಸಿದ್ದರು. ಈ ಚುನಾವಣೆಯಲ್ಲಿ ಹೆಸರುಗಳ ಮುಂದೆ 1, 2 ಅಂತ ಆಯ್ಕೆಯ ಕ್ರಮ ಬರೆಯುತ್ತಾರೆ. ನಿಮ್ಮ ಎರಡನೇ ಆಯ್ಕೆಯ ಮತ ರೆಡ್ಡಿಗೆ ಕೊಡಿ ಅಂತ ನಿಜಲಿಂಗಪ್ಪನವರು ಆ ಎರಡು ಪಕ್ಷದವರ ಮನೆ ಬಾಗಿಲಿಗೆ ಹೋದರು. ಅದೇ ಪ್ರಧಾನಿ ಬಣಕ್ಕೆ ಒಳ್ಳೆಯ ನೆಪವಾಯಿತು. ನಮ್ಮ ಅಧ್ಯಕ್ಷರೇ ವಿರೋಧಿಗಳ ಜೊತೆ ಸೇರಿದ್ದಾರೆ ಅಂತ ಗುಲ್ಲೆದ್ದಿತು.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತಾರಲ್ಲ, ಇಲ್ಲಿ ಬಡವಾದ ಕೂಸು ರೆಡ್ಡಿ. ಸ್ಪೀಕರ್ ಆದಾಗ ಪಕ್ಷದ ಸದಸ್ಯತ್ವವನ್ನೇ ಬಿಟ್ಟಿದ್ದ ಮನುಷ್ಯ. ಈ ಚುನಾವಣೆಗಾಗಿ ಸ್ಪೀಕರ್ ಕುರ್ಚಿಯನ್ನೂ ಬಿಟ್ಟರು. ಅವರ ಬಗ್ಗೆ ಹೊಲಸು ಕರಪತ್ರವೊಂದು ಸಂಸದರ ಕೈಯಿಂದ ಕೈಗೆ ಓಡಾಡಿತು. ಆ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಗಿ, ಹಾಲಿ ರಾಷ್ಟ್ರಪತಿ ಗಿರಿ ಅವರೇ ಕೋರ್ಟಿಗೆ ಬಂದು ಸಾಕ್ಷಿ ಹೇಳಬೇಕಾಯಿತು. ಅವರ ಕೈವಾಡ ಸಾಬೀತಾಗಲಿಲ್ಲ, ಅರ್ಜಿ ವಜಾ ಆಯಿತು. ಕರಪತ್ರ ಓಡಾಡಿದ್ದು ಮಾತ್ರ ಸುಳ್ಳಲ್ಲ.

ಲೆಕ್ಕ ನನ್ನ ಹಳೇ ಚಾಳಿ, ಸ್ವಲ್ಪ ಸಹಿಸಿಕೊಳ್ಳಿ. ಆಗಸ್ಟ್ 16ಕ್ಕೆ ಮತದಾನ, 20ಕ್ಕೆ ಎಣಿಕೆ. ಕಣದಲ್ಲಿ 15 ಜನ. ಮತ ಹಾಕುವವರು ಸಂಸದರು ಮತ್ತು ಶಾಸಕರು, ಒಬ್ಬೊಬ್ಬರ ಮತಕ್ಕೂ ಇಂತಿಷ್ಟು ಅಂತ ಬೆಲೆ, ಎಣಿಸುವುದು ಆ ಬೆಲೆಯನ್ನು. ಮೊದಲ ಎಣಿಕೆಯಲ್ಲಿ ಗಿರಿ ಅವರಿಗೆ 4,01,515, ರೆಡ್ಡಿ ಅವರಿಗೆ 3,13,548, ದೇಶಮುಖ್ ಅವರಿಗೆ 1,12,769. ಗೆಲ್ಲಲು 4,18,169 ಬೇಕು, ಯಾರಿಗೂ ಇಲ್ಲ. ಕೆಳಗಿನವರನ್ನು ಒಬ್ಬೊಬ್ಬರಾಗಿ ತೆಗೆದು ಅವರ ಎರಡನೇ ಆಯ್ಕೆ ಎಣಿಸಿದರು. ನಮ್ಮ ರಾಷ್ಟ್ರಪತಿ ಚುನಾವಣೆಗಳಲ್ಲಿ ಹಾಗೆ ಎಣಿಸಿ ಗೆದ್ದವರನ್ನು ತೀರ್ಮಾನಿಸಿದ್ದು ಅದೊಂದೇ ಸಲ. ಕೊನೆಗೆ ಗಿರಿ 4,20,077, ರೆಡ್ಡಿ 4,05,427. ಅಂತರ 14,650. ಆಗ ಒಬ್ಬ ಸಂಸದರ ಮತದ ಬೆಲೆ 576. ಗಿರಿ ಕಡೆಯಿಂದ 13 ಸಂಸದರು ರೆಡ್ಡಿ ಕಡೆ ಬಂದಿದ್ದರೆ ಫಲಿತಾಂಶ ತಿರುಗುಮುರುಗು. ಒಂದು ಮಿನಿ ಬಸ್ಸಿನಲ್ಲಿ ಕೂರುವಷ್ಟು ಜನ.

ಮುಂದಿನದ್ದು ಗೊತ್ತಿರುವುದೇ. ನವೆಂಬರ್‌ನಲ್ಲಿ ನಿಜಲಿಂಗಪ್ಪನವರು ಪ್ರಧಾನಿಯನ್ನೇ ಪಕ್ಷದಿಂದ ಹೊರಹಾಕಿದರು, ಪಕ್ಷ ಎರಡು ಹೋಳಾಯಿತು. ನಮ್ಮ ರಾಜ್ಯದಲ್ಲಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು ನಿಜಲಿಂಗಪ್ಪನವರ ಜೊತೆ ಉಳಿದರು, ದೇವರಾಜ ಅರಸು ಇಂದಿರಾ ಕಡೆ ಹೋದರು. 1971ರ ಲೋಕಸಭಾ ಚುನಾವಣೆಯಲ್ಲಿ ಮೈಸೂರು ರಾಜ್ಯದ 27ಕ್ಕೆ 27 ಸೀಟು ಇಂದಿರಾ ಬಣದ ಪಾಲಾಯಿತು. ಮರುವರ್ಷ ಅರಸು ಮುಖ್ಯಮಂತ್ರಿ. ನಿಜಲಿಂಗಪ್ಪನವರು ಚಿತ್ರದುರ್ಗಕ್ಕೆ ವಾಪಸಾಗಿ, 97 ವರ್ಷ ತುಂಬು ಜೀವನ ನಡೆಸಿ, 2000ದಲ್ಲಿ ಅಲ್ಲೇ ತೀರಿಕೊಂಡರು.

ಈ ಕಥೆಯನ್ನು ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣ ಇನ್ನು ಮುಂದಿದೆ.

1977ರಲ್ಲಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡರು. ನಮ್ಮ ಜಮಖಂಡಿ ಕಡೆಯ ಬಿ.ಡಿ. ಜತ್ತಿಯವರು ಐದು ತಿಂಗಳು ಹಂಗಾಮಿ ರಾಷ್ಟ್ರಪತಿಯಾಗಿದ್ದರು. ಜುಲೈನಲ್ಲಿ ಚುನಾವಣೆ. 37 ಜನ ನಾಮಪತ್ರ ಹಾಕಿದ್ದರು, 36 ತಿರಸ್ಕೃತವಾದವು. ಉಳಿದ ಒಬ್ಬರು ಅವಿರೋಧವಾಗಿ ರಾಷ್ಟ್ರಪತಿಯಾದರು. ಯಾರು? ಇದೇ ನೀಲಂ ಸಂಜೀವ ರೆಡ್ಡಿ. ಕಾಂಗ್ರೆಸ್ಸೂ ಒಪ್ಪಿಕೊಂಡಿತು.

ಎಂಟು ವರ್ಷದಲ್ಲಿ ಆ ಮನುಷ್ಯ ಏನು ಬದಲಾಗಿದ್ದರು ಸ್ವಾಮಿ? ಅನಂತಪುರದ ಅದೇ ರೈತಾಪಿ ಕುಟುಂಬದವರು. ಅದೇ ಸ್ವಭಾವ, ಅದೇ ಅನುಭವ. ಒಮ್ಮೆ ಅವರ ಹೆಸರಿನಲ್ಲಿ ಪಕ್ಷ ಒಡೆಯಿತು. ಇನ್ನೊಮ್ಮೆ ಅವರ ಹೆಸರಿಗೆ ಎಲ್ಲರೂ ತಲೆಯಾಡಿಸಿದರು. ಅಂದರೆ 1969ರ ಜಗಳ ರೆಡ್ಡಿ ಬಗ್ಗೆ ಆಗಿರಲೇ ಇಲ್ಲ. ಪ್ರಧಾನಿಯ ಜುಟ್ಟು ಯಾರ ಕೈಯಲ್ಲಿರಬೇಕು ಅನ್ನುವುದರ ಬಗ್ಗೆ ಆಗಿತ್ತು. ಅದನ್ನೇ ನೇರವಾಗಿ ಗಾಜಿನ ಮನೆಯಲ್ಲಿ ಮಾತಾಡಬಹುದಿತ್ತು. ಅದು ಬಿಟ್ಟು ನಡುವೆ ಒಬ್ಬ ಹಿರಿಯರನ್ನು ಎಳೆದು ತಂದು ನಿಲ್ಲಿಸಿದರು.

ಇದು ಕಾಂಗ್ರೆಸ್ಸಿನವರ ಹಳೇ ಪಾಪ ಅಂತ ಉಳಿದವರು ನಗಬೇಡಿ. 2012 ಮರೆತುಹೋಯಿತೇ? ಜೂನ್‌ನಲ್ಲಿ ಮಮತಾ ಬ್ಯಾನರ್ಜಿ, ಮುಲಾಯಂ ಸಿಂಗ್ ಒಟ್ಟಿಗೆ ನಿಂತು ಮೂರು ಹೆಸರು ಹೇಳಿದರು: ಅಬ್ದುಲ್ ಕಲಾಂ, ಸೋಮನಾಥ ಚಟರ್ಜಿ, ಮತ್ತು ಆಗ ಪ್ರಧಾನಿಯಾಗಿದ್ದ ಮನಮೋಹನ್ ಸಿಂಗ್! ಕುರ್ಚಿಯ ಮೇಲೆ ಕೂತಿರುವ ಪ್ರಧಾನಿಯನ್ನು ಅಲ್ಲಿಂದ ಎಬ್ಬಿಸಿ ರಾಷ್ಟ್ರಪತಿ ಭವನಕ್ಕೆ ಕಳಿಸುವ ಮಾತು. ಎರಡೇ ದಿನದಲ್ಲಿ ಕಾಂಗ್ರೆಸ್ ಪ್ರಣಬ್ ಮುಖರ್ಜಿ ಹೆಸರು ಘೋಷಿಸಿತು, ಮುಲಾಯಂ ಈ ಕಡೆ ವಾಲಿದರು, ಕಲಾಂ ನಾನು ನಿಲ್ಲುವುದಿಲ್ಲ ಅಂದರು. ಇನ್ನೊಂದು ಕಡೆ ಪಿ.ಎ. ಸಂಗ್ಮಾ. ಶರದ್ ಪವಾರ್ ಜೊತೆ ಸೇರಿ ಎನ್‌ಸಿಪಿ ಕಟ್ಟಿದ ಮೂವರಲ್ಲಿ ಒಬ್ಬರು. ಒಬ್ಬ ಆದಿವಾಸಿ ರಾಷ್ಟ್ರಪತಿ ಆಗಲಿ ಅನ್ನುವುದು ಅವರ ವಾದ. ಕಣದಿಂದ ಹಿಂದೆ ಸರಿಯಿರಿ ಅಂತ ಅವರ ಪಕ್ಷವೇ ಹೇಳಿತು. ಅವರು ಪಕ್ಷವನ್ನೇ ಬಿಟ್ಟರು. ಬಿಜೆಪಿ ಬೆಂಬಲ ಕೊಟ್ಟಿತು, ಆದರೆ ಎನ್‌ಡಿಎಯೊಳಗೇ ಶಿವಸೇನೆ, ಜೆಡಿಯು ಪ್ರಣಬ್ ಕಡೆ ಹೋದವು. ಆಗ ನಮ್ಮ ರಾಜ್ಯದಲ್ಲಿ ಬಿಜೆಪಿ ಸರ್ಕಾರ. ಆದರೂ ಇಲ್ಲಿ ಸಂಗ್ಮಾಗಿಂತ ಪ್ರಣಬ್‌ಗೇ ಜಾಸ್ತಿ ಮತ ಬಿತ್ತು. ಅಡ್ಡ ಮತ ಹಾಕಿದವರು ಆತ್ಮಸಾಕ್ಷಿಗೆ ಹಾಕಿದರೋ, ಇಲ್ಲಿನ ಮುಖ್ಯಮಂತ್ರಿ ಕುರ್ಚಿ ಜಗಳಕ್ಕೆ ಹಾಕಿದರೋ, ಅವರವರಿಗೇ ಗೊತ್ತು.

ಹತ್ತು ವರ್ಷ ಆದಮೇಲೆ, 2022ರಲ್ಲಿ, ವಿರೋಧ ಪಕ್ಷಗಳು ಶರದ್ ಪವಾರ್ ಹೆಸರು ಹೇಳಿದವು. ಅವರು ಒಲ್ಲೆ ಅಂದರು. ಫಾರೂಕ್ ಅಬ್ದುಲ್ಲಾ ಒಲ್ಲೆ ಅಂದರು. ಗೋಪಾಲಕೃಷ್ಣ ಗಾಂಧಿ ಒಲ್ಲೆ ಅಂದರು. ಆಮೇಲೆ ಯಶವಂತ ಸಿನ್ಹಾ. ಮದುವೆ ಮಂಟಪದಲ್ಲಿ ಮೂರು ಜನ ವರರು ಎದ್ದು ಹೋದ ಮೇಲೆ ನಾಲ್ಕನೆಯವರಿಗೆ ಪೇಟ ಕಟ್ಟಿದ ಹಾಗೆ. ಸೋಲು ಖಾತ್ರಿ ಅಂತ ಗೊತ್ತಿದ್ದೂ ನಿಲ್ಲಿಸುವವರಿಗೆ ನಮ್ಮಲ್ಲಿ ಒಂದು ಹೆಸರಿದೆ, ಹರಕೆಯ ಕುರಿ. ಆ ಮಾತು ಪೇಪರಿನಲ್ಲಿ ಓದಿದಾಗಲೆಲ್ಲ ನನಗೆ ಕಸಿವಿಸಿ. ಎಂಬತ್ತು ದಾಟಿದವರನ್ನು, ಎಷ್ಟೋ ವರ್ಷ ಮಂತ್ರಿಯಾಗಿ ದುಡಿದವರನ್ನು ಕುರಿ ಅಂತೀವಲ್ಲ. ಆಳುವ ಕಡೆಯವರದ್ದು ಇದರ ಉಲ್ಟಾ. ಕೊನೇ ಗಳಿಗೆವರೆಗೂ ಗುಟ್ಟು. 2017ರಲ್ಲಿ ಆಡ್ವಾಣಿ ಹೆಸರು ಎಷ್ಟು ತಿಂಗಳು ಓಡಾಡಿತು! ಯಾಕೆ ಬೇಡವಾಯಿತು ಅಂತ ಯಾರಾದರೂ ಎದ್ದು ನಿಂತು ಹೇಳಿದರೇ?

ಈಗ ನಾನು ಕೇಳುವುದಿಷ್ಟೇ. ಹೆಸರು ತೇಲಿಬಿಡುವ ಮುಂಚೆ ಆ ಮನುಷ್ಯರನ್ನು ಒಂದು ಮಾತು ಕೇಳಿ. ನಿಮಗೆ ಇಷ್ಟ ಇದೆಯೇ, ಆರೋಗ್ಯ ಹೇಗಿದೆ, ಐದು ವರ್ಷ ಆಗುತ್ತದೆಯೇ ಅಂತ. ಮನೆಗೆ ಅಡುಗೆಯವರನ್ನು ಇಟ್ಟುಕೊಳ್ಳುವಾಗ ಕೇಳುವಷ್ಟಾದರೂ ಕೇಳಿ. ಆಮೇಲೆ ನಾಮಪತ್ರಕ್ಕೆ ಒಂದು ತಿಂಗಳು ಮುಂಚೆ, ಪಕ್ಷದೊಳಗೆ ಯಾರ್ಯಾರ ಹೆಸರು ಚರ್ಚೆಯಲ್ಲಿದೆ ಅಂತ ನೀವೇ ಬಾಯಿಬಿಟ್ಟು ಹೇಳಿ. ಒಬ್ಬರು ಬೇಡ ಅನ್ನುವವರು ಯಾಕೆ ಬೇಡ ಅಂತ ಹೆಸರು ಹಾಕಿ ಹೇಳಲಿ. ವಯಸ್ಸಾಯಿತು ಅನ್ನಿ, ತಪ್ಪಿಲ್ಲ. ಹಟಮಾರಿ ಅನ್ನಿ. ನಮ್ಮ ಮಾತು ಕೇಳುವುದಿಲ್ಲ ಅಂತ ಭಯ ಅನ್ನಿ, ಅದೂ ಪರವಾಗಿಲ್ಲ. ಕೇಳಿಸಿಕೊಳ್ಳುತ್ತೇವೆ. "ಹೈಕಮಾಂಡ್ ತೀರ್ಮಾನಕ್ಕೆ ಬದ್ಧ" ಅನ್ನುವ ಆ ಒಂದು ವಾಕ್ಯ ಮಾತ್ರ ಬೇಡ.

ನಿಜಲಿಂಗಪ್ಪನವರ ನಂತರ, 2022ರಲ್ಲಿ, ಕಾಂಗ್ರೆಸ್ ಅಧ್ಯಕ್ಷರ ಕುರ್ಚಿಗೆ ಇನ್ನೊಬ್ಬ ಕನ್ನಡಿಗರು, ಮಲ್ಲಿಕಾರ್ಜುನ ಖರ್ಗೆ ಅವರು, ಬಂದರು. ಅದೂ ಪಕ್ಷದೊಳಗೆ ಮತ ಹಾಕಿಸಿ, ಎದುರಾಳಿಯನ್ನು ಸೋಲಿಸಿ. ಪಕ್ಷದ ಅಧ್ಯಕ್ಷರಿಗೆ ಅಂಥ ಚುನಾವಣೆ ಆಗುತ್ತದೆ ಅಂದರೆ, ರಾಷ್ಟ್ರಪತಿ ಅಭ್ಯರ್ಥಿಗೆ ಒಂದು ಬಹಿರಂಗ ಚರ್ಚೆಯಾದರೂ ಆಗಬಾರದೇ? ಬಿಜೆಪಿ, ಜೆಡಿಎಸ್, ಉಳಿದವರಿಗೂ ಇದೇ ಪ್ರಶ್ನೆ. ಮಾಡಿದವರು ಮೊದಲಿಗರಾಗುತ್ತಾರೆ, ಅಷ್ಟೇ.

ಇನ್ನು ನಮ್ಮ ಶಾಸಕರಿಗೆ. ಸಾರ್, ನಿಮಗೆ ಫೋನ್ ಮಾಡಿದರೆ ಪಿ.ಎ. ತೆಗೆಯುತ್ತಾರೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ರಾಷ್ಟ್ರಪತಿ ಚುನಾವಣೆಯಲ್ಲಿ ವಿಪ್ ಇಲ್ಲ. ಪಕ್ಷ ಹೇಳಿದ ಹೆಸರಿಗೆ ಹಾಕದಿದ್ದರೂ ನಿಮ್ಮ ಶಾಸಕ ಸ್ಥಾನ ಹೋಗುವುದಿಲ್ಲ. ಮತ ಗುಪ್ತ. ಕೋಣೆಯಲ್ಲಿ ಆಯೋಗದವರು ಕೊಡುವ ನೇರಳೆ ಇಂಕಿನ ಪೆನ್ನು ಹಿಡಿದು, ಹೆಸರಿನ ಮುಂದೆ ಒಂದು ಅಂಕಿ ಬರೆಯಬೇಕು, ಅಷ್ಟೇ ಕೆಲಸ. ಹೋದ ಸಲ ನಿಮ್ಮ ಮತದ ಬೆಲೆ 131. ಅದೂ 1971ರ ಜನಗಣತಿ ಲೆಕ್ಕದಲ್ಲಿ, ರಾಜ್ಯದಲ್ಲಿ ನಾವು ಮೂರು ಕೋಟಿಯೂ ಇಲ್ಲದಿದ್ದಾಗಿನ ಲೆಕ್ಕದಲ್ಲಿ. 224 ಜನರದ್ದೂ ಸೇರಿದರೆ 29,344. ಗಿರಿ ಮತ್ತು ರೆಡ್ಡಿ ನಡುವಿನ ಅಂತರದ ಎರಡರಷ್ಟು. ಆ 131ರಲ್ಲಿ ನನ್ನದೂ ಒಂದು ಚೂರು ಇದೆ, ಗಾಜಿನ ಮನೆ ಹತ್ತಿರ ಬೆಂಚಿನಲ್ಲಿ ಕೂರುವ ಆ ನಾಲ್ವರದ್ದೂ ಇದೆ. ಪೆನ್ನು ಹಿಡಿಯುವ ಮುಂಚೆ ಒಂದು ಭಾನುವಾರ ಬೆಳಿಗ್ಗೆ ಬನ್ನಿ. ಆರೂವರೆಗೆ ನಾವು ಇರುತ್ತೇವೆ. ಯಾರಿಗೆ ಹಾಕುತ್ತೀರಿ ಅಂತ ಕೇಳುವುದಿಲ್ಲ. ನಿಮ್ಮ ಪಕ್ಷ ಹೇಳಿದ ಆ ಹಿರಿಯರ ಬಗ್ಗೆ ನಿಮಗೆ ಏನು ಗೊತ್ತು ಅಂತ ಕೇಳುತ್ತೇವೆ.

ಇನ್ನೊಂದು ವಿಷಯ ಬರೆಯದಿದ್ದರೆ ಕಾಗದ ಪೂರ್ತಿ ಆಗುವುದಿಲ್ಲ. ಸಂಜೀವ ರೆಡ್ಡಿ 1960ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾದದ್ದು ಬೆಂಗಳೂರಿನ ಅಧಿವೇಶನದಲ್ಲಿ. ಅವರನ್ನು ಅಭ್ಯರ್ಥಿ ಮಾಡಿ ಪಣಕ್ಕೆ ಒಡ್ಡಿದ್ದೂ ಬೆಂಗಳೂರಿನಲ್ಲಿ. 1996ರ ಜೂನ್ 1ರಂದು ಅವರು ತೀರಿಕೊಂಡದ್ದೂ ಇಲ್ಲೇ. ಕಲ್ಪಳ್ಳಿಯಲ್ಲಿ ಅವರ ಸಮಾಧಿ ಇದೆ. ಲಾಲ್‌ಬಾಗ್‌ನಿಂದ ಆಟೋದಲ್ಲಿ ದೂರವೇನಲ್ಲ. ನಿಮ್ಮಲ್ಲಿ ಯಾರಾದರೂ ಹೋಗುವುದಾದರೆ ಹೇಳಿ, ನಾನೂ ಬರುತ್ತೇನೆ. ಆಟೋ ಚಾರ್ಜು ಅರ್ಧರ್ಧ.

ಇಂತಿ,
ಲಾಲ್‌ಬಾಗ್ ಪಶ್ಚಿಮ ದ್ವಾರದ ಕಡೆಯ ಒಬ್ಬ ನಿವೃತ್ತ ಬ್ಯಾಂಕ್ ಗುಮಾಸ್ತ